ತಾಯಿ ಸಮೇತ

ಎರಡು ಚಮಚ, ಒಂದು ಲೋಟ ನೀರು,
ಹಲ್ಲಿಗೆ ತಗಲದಿರಲೆಂದು
ಎಳನೀರಂಗಡಿಯಿಂದ ತಂದ ಕೊಳವೆ.
ಬೆಳಗಿನ ಆರಕ್ಕೆ ದಾಕ್ಷಾಯಿಣಿ ಬಾಗಿಲಲ್ಲಿ ನಿಂತು
ನನ್ನ ಗಂಟಲು ಆಡುವುದನ್ನೇ ನೋಡುತ್ತಾಳೆ,
ಚಿಲ್ಲರೆ ಎಣಿಸಿಕೊಳ್ಳುವವರ ಹಾಗೆ.

ಸೇಬಿನದಂತೆ.
ಮುಚ್ಚಳ ತೆಗೆದರೆ ಸೇಬೆಲ್ಲಿ?
ಮಳೆಯಲ್ಲಿ ನೆಂದ ಗೋಣಿತಾಟು,
ಕುಸ್ತಿಯಲ್ಲಿ ಸೋತವನ ಬನಿಯನ್ನು.

ಹುಳಿಗೆ ನಾನು ಹೊಸಬನಲ್ಲ.
ಮೂವತ್ತೊಂದು ವರ್ಷ ಬಟವಾಡಿಯ ಯಾರ್ಡಿನಲ್ಲಿ
ಹುಣಸೆ ರಾಶಿಗೆ ಬೆರಳು ತೂರಿ, ಚೂರು ಕಿತ್ತು, ಬಾಯಿಗೆಸೆದು
ದರ ಹೇಳಿದ ನಾಲಗೆ ಇದು.
ಪಾವಗಡದ್ದೋ ಕೊರಟಗೆರೆಯದ್ದೋ,
ಹಳೇ ಹಣ್ಣಿಗೆ ಹೊಸದನ್ನು ಹೊದಿಸಿದ್ದೋ,
ತೂಕಕ್ಕೆಂದು ನೀರು ಚಿಮುಕಿಸಿದ್ದೋ,
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ಎಂಥ ಹುಳಿಗೂ ಕೊನೆಯಲ್ಲೊಂದು ಸಿಹಿ ಇರುತ್ತದೆ,
ನಾಲಗೆಯ ಹಿಂಬದಿಗೆ,
ಸಾಲಗಾರ ಹೊಸಿಲು ದಾಟುವಾಗ ತಿರುಗಿ ನಕ್ಕಂತೆ.
ಆ ನಗೆಗೇ ತಾನೇ ನಾವು ದರ ಕಟ್ಟುವುದು.

ಇದಕ್ಕೆ ನಗೆಯಿಲ್ಲ.
ಇದು ಬರೀ ನೋಟೀಸು.

ಮೊದಲ ದಿನ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.
ಎರಡನೆಯ ದಿನ ಎದೆಗೂಡಿನೊಳಗೆ
ಯಾರೋ ಬೆಂಕಿಕಡ್ಡಿ ಗೀರಿದರು.
ಮೂರನೆಯ ದಿನ ಹಿತ್ತಲ ಬೇವಿನ ಬುಡಕ್ಕೆ ಸುರಿದೆ.
ಬೇವಿಗೇನೂ ಆಗಲಿಲ್ಲ.
ಇರುವೆ ಸಾಲು ಮಾತ್ರ ಆ ಜಾಗ ಬಿಟ್ಟು
ಸುತ್ತುಬಳಸಿ ಹೋಗುತ್ತಿತ್ತು,
ಸಿಕ್ಕಿಬಿದ್ದದ್ದು ಅದರಿಂದ.

ಡಾಕ್ಟರು ಇನಾಯತುಲ್ಲಾ ಚೀಟಿಯಿಂದ ತಲೆ ಎತ್ತದೆ ಹೇಳಿದರು:
"ಕುಡೀರಿ ಬೇಕಾದ್ರೆ. ಭಾರೀ ಏನೂ ಆಗುತ್ತೆ ಅನ್ಕೋಬೇಡಿ.
ಹೊಟ್ಟೆ ಉರಿದ್ರೆ ಬಿಡಿ. ಮಾತ್ರೆ ಬಿಡಬೇಡಿ."
ಇಷ್ಟು ನಿಯತ್ತಿನ ದರ
ಯಾರ್ಡಿನಲ್ಲೂ ಕೇಳಿರಲಿಲ್ಲ ನಾನು.

"ಮತ್ಯಾಕೆ ಇದು?" ಎಂದೆ ಮನೆಗೆ ಬಂದು.
"ನಿಮ್ಮಣ್ಣನ ಕಾಲ್ಬೆರಳು ತೆಗೆದ ದಿನ
ನೀವು ನಿಮ್ಮ ಕಾಲು ಪಂಚೆಯೊಳಗೆ ಎಳ್ಕೊಂಡು ಕೂತ್ರಲ್ಲ,
ಅದಕ್ಕೆ."
ಅಷ್ಟೇ. ಈರುಳ್ಳಿ ಹೆಚ್ಚಲು ಹೋದಳು.

ಅವತ್ತು ಸಂಜೆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ತಳದಲ್ಲಿ ಕದಡು, ಎಳೆ ಎಳೆ, ನೆಂದ ಹತ್ತಿಯಂತೆ.
ಮಾರಿದ ಹುಡುಗ ಹೇಳಿದ್ದ:
"ತಾಯಿ ಸಮೇತ ಇದೆ ಅಂಕಲ್,
ತಾಯಿ ಇಲ್ದಿದ್ದು ಅಗ್ಗ, ಅದು ಬೇಡ."
ತಾಯಿ ಎಂದರೆ ಹೆಪ್ಪು ಇರಬೇಕು,
ನಾವು ಲೋಟ ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದೆವಲ್ಲ, ಅದು.

ನನ್ನವ್ವನೂ ಹುಳಿಯ ತಳದಲ್ಲೇ ಇದ್ದವಳು.
ಮಂಡಿಪೇಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ
ಕಲ್ಲ ಮೇಲೆ ಹಣ್ಣು, ಕೈಯಲ್ಲಿ ಮೊಂಡು ಸುತ್ತಿಗೆ,
ಮಣಕ್ಕಿಷ್ಟು ಅಂತ ಕುಟ್ಟಿ ಕುಟ್ಟಿ ಬೀಜ ಬಿಡಿಸುತ್ತ.
ಬೆರಳ ಬಿರುಕುಗಳೊಳಗೆ ಹುಳಿ ಹೊಕ್ಕು
ರಾತ್ರಿ ಹರಳೆಣ್ಣೆ ಸವರಿಕೊಳ್ಳುವಾಗ
ಸೆರಗಿನ ತುದಿ ಕಚ್ಚಿ ಹಿಡಿಯುತ್ತಿದ್ದಳು.
"ಉರಿಯುತ್ತಾ ಅವ್ವಾ?" ಅಂದರೆ
"ನಿಂಗ್ಯಾಕೆ, ಮಲಕ್ಕೋ."
ಅವಳು ಬಿಡಿಸಿದ ಹಣ್ಣನ್ನೇ ಮುಂದೆ ನಾನು
ಮೆತ್ತನೆ ಕುರ್ಚಿಯಲ್ಲಿ ಕೂತು ಚೀಪಿ ನೋಡಿದ್ದು.

ಇವತ್ತು ಮೂವತ್ತೆಂಟನೆಯ ದಿನ.
ಎರಡು ಚಮಚ ಒಂದಾಗಿದೆ, ನನ್ನ ಚೌಕಾಸಿ.
ಬರಿಹೊಟ್ಟೆಗಲ್ಲ, ತಿಂಡಿಯಾದ ಮೇಲೆ, ಅದೂ ಚೌಕಾಸಿ.
ಸಕ್ಕರೆ ಇಳಿದಿದೆಯೋ ಇಲ್ಲವೋ, ರಿಪೋರ್ಟು ಮಂಗಳವಾರ.
ಕುಲುಕಿ ಕುಡಿಯಿರಿ ಎಂದು ಬರೆದಿದ್ದಾರೆ, ಕುಲುಕುತ್ತೇನೆ.
ತಳದಲ್ಲಿ ಕೂತವಳು
ಮೆಲ್ಲಗೆದ್ದು ಲೋಟಕ್ಕೆ ಬರುತ್ತಾಳೆ.

ಏನನ್ನಿಸಿತೋ ದಾಕ್ಷಾಯಿಣಿ
ನನ್ನ ಲೋಟ ಕಸಿದು ಒಂದು ಗುಟುಕು ಕುಡಿದಳು.
ಮುಖ ಕಿವುಚಿತು. ಭುಜ ನಡುಗಿತು. ಒಂದು ಕಣ್ಣು ಮುಚ್ಚಿಯೇ ಹೋಯಿತು.
"ಅಯ್ಯೋ, ಇದನ್ನ ಹೆಂಗ್ರೀ ಕುಡೀತೀರ ದಿನಾ?"

ಲೋಟ ವಾಪಸು ಇಸಿದುಕೊಂಡೆ.
ನಿಂಗ್ಯಾಕೆ ಎಂದೆ,
ಹಾಲು ಉಕ್ಕುತ್ತೆ ನೋಡು, ಹೋಗು.