ಇದು ಅಸಲಿ ಅಲ್ಲ

ಕೌಲ್ ಬಜಾರಿನ ಸಂಘದ ಕಚೇರಿಯಲ್ಲಿ
ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಮುಖ ಕಪ್ಪಾಗಿತ್ತು.
ಮೂಲೆಯಲ್ಲಿ ಸಣ್ಣ ಬಿಳಿ ಅಕ್ಷರ:
ನಿಮ್ಮ ಈ ಪ್ರತಿ ಅಸಲಿ ಅಲ್ಲ.

ನನಗೆ ನಗು ಬಂತು.
ಬೆಳಗಿನಿಂದ ಸಂಜೆಯ ತನಕ
ಬಳ್ಳಾರಿಯ ಬಟ್ಟೆಗೆ, ಬಳ್ಳಾರಿಯ ಬೆವರಿಗೆ
ಕಂಡರಿಯದ ಊರಿನ ಹೆಸರಿನ ಪಟ್ಟಿ ಹೊಲಿಯುವವಳು ನಾನು.
ಸೊಂಟದ ಹಿಂದೆ, ಬಲಗಡೆ, ನಾಲ್ಕು ಹೊಲಿಗೆ;
ಪ್ಯಾಂಟು ವಿದೇಶಿ ಆಗುತ್ತದೆ.
ಅಂಥವಳ ಮುಂದೆ ಅಸಲಿಯ ಮಾತಾಡುತ್ತಿದೆ
ಮುನ್ನೂರು ರೂಪಾಯಿಗೆ ಯಾರೋ ತುಂಬಿಕೊಟ್ಟ ಡಬ್ಬಿ.

ಆದರೆ ಅದರ ಹೊಟ್ಟೆಯಲ್ಲಿ
ಇನ್ನೂರ ಹನ್ನೆರಡು ಹೆಂಗಸರ ಓವರ್‌ಟೈಮ್ ಲೆಕ್ಕವಿತ್ತು.
ಗುರುವಾರ ಲೇಬರ್ ಆಫೀಸಿನಲ್ಲಿ ತಾರೀಖು.

ಗಾದಿಲಿಂಗಪ್ಪ ಬಂದರು. ಎಂಬತ್ತೊಂದು ವಯಸ್ಸು.
ಉಕ್ಕಿನ ಕೆಲಸ ಕಲಿಯಲು
ಒಂದು ಚಳಿಗಾಲ ಪೂರ್ತಿ ಸೋವಿಯತ್ ದೇಶದಲ್ಲಿದ್ದವರು.
ಅಲ್ಲಿಂದ ತಂದ ತೂತುಗಳ ಕಾರ್ಡೊಂದನ್ನು
ಚಂದಾ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದಾರೆ.
ಮೊದಲ ಸಲ ನೋಡಿದಾಗ ಕೇಳಿದ್ದೆ:
ಇಷ್ಟು ಕಾಜಾ ಮಾಡ್ಯಾರ, ಗುಂಡಿ ಎಲ್ಲಿ?

"ಅಲ್ಲೂ ಹಿಂಗ ಇತ್ತಮ್ಮ," ಅಂದರು ಕರಿ ಪರದೆಯ ಮುಂದೆ ಕೂತು.
"ಬೀರುವಿನಷ್ಟು ದೊಡ್ಡ ಮಿಷನ್ನು.
ಅಮೆರಿಕದ್ದನ್ನ ನೋಡಿ ಹಂಗಂದ್ರ ಹಂಗ ಮಾಡಿದ್ರು,
ಮ್ಯಾಲೆ ತಮ್ಮ ಲಿಪಿ ಅಂಟಿಸಿದ್ರು.
ನಾವು ಚಪ್ಪಾಳಿ ತಟ್ಟಿದ್ವಿ. ಕದ್ದಿದ್ದು ಸಾವ್ಕಾರಂದು, ಪಾಪ ಎಲ್ಲಿ?
ಆದ್ರ ಸಾವ್ಕಾರ ಮಾಡಿದ ತಪ್ಪೂ ಅದರಾಗ ಬಂದಿತ್ತು."

ನಮ್ಮ ಯೂನಿಟ್ಟಿನಲ್ಲೂ ಹಾಗೇ.
ಮಾದರಿಯ ಎಡ ಜೇಬು ಸೊಟ್ಟಗಿದ್ದರೆ
ಸಾವಿರ ಪ್ಯಾಂಟಿನ ಎಡ ಜೇಬು ಸೊಟ್ಟ.
ಮೇಸ್ತ್ರಿ ಅದನ್ನು ಫ್ಯಾಷನ್ನು ಅನ್ನುತ್ತಾನೆ.

"ಕೀಲಿಕೈ ಯಾರ ಹತ್ರ ಇತ್ತು ತಾತ?"
"ಜನರ ಹತ್ರ ಅಂತ ಗ್ವಾಡಿ ಮ್ಯಾಲೆ ಬರದಿತ್ತು."
ಸ್ವಲ್ಪ ಹೊತ್ತು ಕಾರ್ಡಿನ ಅಂಚು ಸವರಿದರು.
"ಮಿಷನ್ನಿನ ಕ್ವಾಣಿಗೆ ಮಾತ್ರ ಒಬ್ಬನ ಹೋಗ್ತಿದ್ದ.
ಅವನ ಕೋಟಿನ ಜೇಬು ಯಾವಾಗ್ಲೂ ಜೋತು ಬಿದ್ದಿರ್ತಿತ್ತು."

ಮಧ್ಯಾಹ್ನ ಮೌಲಾಲಿ ಪೆನ್‌ಡ್ರೈವ್ ತಂದ.
"ಕಳ್ಳ ಕೀಲಿಕೈ ಬ್ಯಾಡಕ್ಕ. ಇದಕ್ಕ ಕದಾನ ಇಲ್ಲ.
ಒಳಗ ಹೆಂಗ ಬರದಾರ ನೋಡು, ತಿದ್ದು, ಯಾರಿಗರ ಕೊಡು."
"ಪುಕ್ಕಟೆ?" ಅಂದೆ.
"ಪುಕ್ಕಟೆ ಅಂದ್ರ ನಿನ್ನ ಹಳೇದು. ಇದು ಬಿಡುಗಡಿ."
ಹೆಪ್ಪು ಇದ್ದಂಗ, ಅಂದುಕೊಂಡೆ.
ಇವತ್ತು ಪಂಪಮ್ಮನ ಮನೆಯಿಂದ ತಂದದ್ದು,
ಅವಳ ಹಾಲು ಒಡೆದ ದಿನ ನನ್ನ ಮನೆಯಿಂದ ಹೋಗುವುದು.
ಬಾಯಿಬಿಟ್ಟು ಹೇಳಲಿಲ್ಲ. ಮೌಲಾಲಿಗೆ ಮೊಸರು ಆಗುವುದಿಲ್ಲ.

ಬಿಡುಗಡೆ ಸಲೀಸಾಗಿ ಬರಲಿಲ್ಲ.
ಹಳೆ ಫಾಂಟಿನ ಕಡತ ತೆರೆದರೆ
ಹುಲಿಗೆಮ್ಮ ಹುಳ ಹುಪ್ಪಡಿಯಾಗಿದ್ದಳು,
ಒತ್ತಕ್ಷರ ಕಿತ್ತ ಗುಂಡಿಯ ಹಾಗೆ ಉದುರಿತ್ತು,
ಸಂಘ ಅನ್ನುವಲ್ಲಿ ಏನೇನೋ ಚಿಹ್ನೆ, ಒಂದೂ ಕನ್ನಡವಲ್ಲ.
ನಮ್ಮ ಅಕ್ಷರಕ್ಕೂ ಯಾರೋ ಕೀಲಿ ಜಡಿದಿದ್ದರು.
ಇಷ್ಟು ವರ್ಷ ನಾನೇ ಟೈಪು ಮಾಡಿದ್ದೆ.

ಎರಡು ರಾತ್ರಿ ಕೂತೆ. ಚೀಟಿ ನೋಡಿ ಮತ್ತೆ ಬರೆದೆ:
ಹುಲಿಗೆಮ್ಮ, ಹನ್ನೊಂದು ಗಂಟೆ.
ಶಮೀಮಾ, ಒಂಬತ್ತು.
ಸುಂಕ್ಲಮ್ಮ, ಏಳು ತಿಂಗಳ ಬಸುರಿ, ಹದಿನಾಲ್ಕು.

ಬುಧವಾರ ಕಾರ್ಯದರ್ಶಿ ನೋಡಿ ಮೆಚ್ಚಿದರು.
ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರ ಮಾತ್ರ ಇರಲಿ ಅಂದರು.
ಗಾದಿಲಿಂಗಪ್ಪ ಕೆಮ್ಮಿದರು. ಕೆಮ್ಮೋ, ನಗುವೋ.
ಯಾಕೆ ಅಂತ ನಾನು ಎಲ್ಲರ ಮುಂದೆ ಕೇಳಿದೆ,
ಜೋರಾಗಿಯೇ ಕೇಳಿದೆ.
ಕಾರ್ಯದರ್ಶಿ ಚಹಾ ತರಿಸಿದರು.

ಇವತ್ತಿಗೆ ಮೂರು ವಾರ.
ಹನ್ನೆರಡು ಅಕ್ಷರ.
ಅಧ್ಯಕ್ಷರಿಗೆ ಹೇಳಿಲ್ಲ. ಹುಲಿಗೆಮ್ಮಗೂ ಹೇಳಿಲ್ಲ.
ಕೇಳಿದವರಿಗೆ ನಾಳೆ ಅನ್ನುತ್ತೇನೆ.
ನಿನ್ನೆ ಕಚೇರಿಗೆ ಬೀಗ ಹಾಕುವಾಗ
ಸೆರಗಿನ ಗಂಟು ಜೋತು ಬಿದ್ದಂತಿತ್ತು.
ಬಿಚ್ಚಿ ನೋಡಿದೆ.
ಎರಡು ರೂಪಾಯಿಯ ಒಂದೇ ನಾಣ್ಯ.