ಹಳದಿಯ ಲೆಕ್ಕ

ಚಪ್ಪಲಿ ಅಲ್ಲೇ ಬಿಡಿ. ಹೌದು, ಆ ಕಲ್ಲಿನ ಮೇಲೆ.
ಈ ಕಲ್ಲುಗಳು ಚೀನಾದಿಂದ ಬಂದವು,
ಖಾಲಿ ಹಡಗು ಹೊಯ್ದಾಡದಿರಲೆಂದು
ಹೊಟ್ಟೆಗೆ ತುಂಬಿಕೊಂಡ ಭಾರ.
ಇಲ್ಲಿ ಇಳಿಸಿದರು, ನೀಲಿ ಹೇರಿಕೊಂಡು ಹೋದರು.
ಬೇಡದ ಕಲ್ಲು ಕೊಟ್ಟು ಬೇಕಾದ ಬಣ್ಣ ಒಯ್ದರು:
ವಿಗನ್ ಊರಿನ ಚರಿತ್ರೆ ಇಷ್ಟೇ ಎಂದು
ಗಡಿಬಿಡಿಯವರಿಗೆ ಹೇಳಿ ಕಳಿಸುತ್ತೇನೆ.

ನಿಮಗೆ ಪುರುಸೊತ್ತಿದ್ದರೆ ಮೇಲೆ ಬನ್ನಿ.

ನಾನು ಎಪಿಫಾನಿಯಾ. ಬೀಗದಕೈ ಗೊಂಚಲು ನನ್ನದು,
ಮನೆ ನನ್ನದಲ್ಲ.
ಬೋರ್ಡಿನಲ್ಲಿರುವುದನ್ನು ಮೊದಲು ಒಪ್ಪಿಸಿಬಿಡುತ್ತೇನೆ:
ಕಟ್ಟಿಸಿದವನು ದೋನ್ ಎಲ್ಯುತೇರಿಯೊ,
ಅಪ್ಪ ಚೀನಾದ ಬಟ್ಟೆ ವ್ಯಾಪಾರಿ, ಅವ್ವ ಈ ನೆಲದವಳು,
ಮನೆತನದ ಹೆಸರು ಮಾತ್ರ ಸ್ಪೇನಿನದು.
ಆಗ ಹೆಸರುಗಳದ್ದೇ ಒಂದು ದೊಡ್ಡ ಪುಸ್ತಕ ಬಂದಿತ್ತಂತೆ,
ಊರೂರಿಗೆ ಹಾಳೆ ಹರಿದು ಹಂಚಿದರಂತೆ
ರೇಷನ್ ಅಕ್ಕಿ ಹಂಚಿದ ಹಾಗೆ.
ನಮ್ಮ ಪಾಲಿಗೂ ಒಂದು ಬಂತು, ನಾಲಗೆ ಹೊರಳದ್ದು.
ಐದು ತಲೆಮಾರು ಅಗಿದು ಅಗಿದು ಮೆತ್ತಗೆ ಮಾಡಿಕೊಂಡೆವು.

ನೆಲ ನೋಡಿ, ಮುಖ ಕಾಣುತ್ತದೆ.
ಅರ್ಧ ತೆಂಗಿನ ಸಿಪ್ಪೆಯ ಮೇಲೆ ಒಂದು ಕಾಲಿಟ್ಟು
ಹಿಂದೆ ಮುಂದೆ, ಹಿಂದೆ ಮುಂದೆ,
ನನ್ನ ಅಜ್ಜಿಯ ಅಜ್ಜಿ ಬಾಸಿಲಿಸಾ ತೇಯ್ದ ನೆಲ.
ಗೌನು ತೊಟ್ಟು ಬಂದ ದೊರೆಸಾನಿಯರಿಗಿಂತ
ಹೆಚ್ಚು ಹೊತ್ತು ಅವಳೇ ಇಲ್ಲಿ ಕುಣಿದದ್ದು,
ವಾದ್ಯವಿಲ್ಲದೆ.

ಕಿಟಕಿಗೆ ಗಾಜಲ್ಲ, ಕಪ್ಪೆಚಿಪ್ಪು.
ಕಡಲಿನ ಹುಳ ತನ್ನ ಮೈಗೆ ಕಟ್ಟಿಕೊಂಡ ಗೋಡೆಯನ್ನು
ಚೌಕ ಚೌಕ ಕತ್ತರಿಸಿ ಮರಕ್ಕೆ ಕೂರಿಸಿದ್ದಾರೆ.
ಬಿಸಿಲು ಒಳಗೆ ಬರುವಾಗ ಗಂಜಿತಿಳಿಯಾಗುತ್ತದೆ.
ಹೊರಗಿನದು ಏನೂ ಕಾಣುವುದಿಲ್ಲ.
ಅವರಿಗೆ ಬೇಕಾಗಿದ್ದೂ ಅದೇ.
ಹೊರಗೆ ನೀಲಿ ತೊಟ್ಟಿಗಳಲ್ಲಿ ಮೊಣಕಾಲುದ್ದ ನಿಂತವರು,
ಹೆಣ ತೊಳೆಯುವಾಗಲೂ ಉಗುರಿನ ನೀಲಿ ಬಿಡದವರು...

ಇರಲಿ. ಗೋಡೆಗೆ ಬರೋಣ.
ಹೋದ ವರ್ಷ ಭೂಮಿ ನಡುಗಿ ಇಲ್ಲಿ ಬಾಯಿ ಬಿಟ್ಟಿತು.
ಮನಿಲಾದ ಇಂಜಿನಿಯರು ಉಗುರಲ್ಲಿ ಕೆರೆದು ಹೇಳಿದ:
ಸುಣ್ಣ, ಮರಳು, ಬೆಲ್ಲದ ನೀರು,
ಬಹುಶಃ ಮೊಟ್ಟೆಯ ಬಿಳಿ.
ಅವನ ಬಹುಶಃ ಕೇಳಿ ನನಗೆ ನಗು ಬಂತು.
ನಮ್ಮಲ್ಲಿ ಲೆಕ್ಕ ಇದೆ ಮಾರಾಯ!
ಗುಡಿಸಲಿಗೆ ವಾರಕ್ಕೆ ಹನ್ನೆರಡು ಮೊಟ್ಟೆ;
ಕೋಳಿ ಇಡದಿದ್ದರೆ ಛಡಿಯೇಟು ಕೋಳಿಗಲ್ಲ.
ಹಿತ್ತಲಲ್ಲಿ ಹೆಂಗಸರು ಸಾಲಾಗಿ ಕೂತು ಒಡೆದರು,
ಬಿಳಿ ಬೇರೆ, ಹಳದಿ ಬೇರೆ.
ಬಿಳಿ ಗೋಡೆಗೆ ಹೋಯಿತು.

ಹಳದಿ?

ಅದು ಬೋರ್ಡಿನಲ್ಲಿಲ್ಲ. ಕೇಳಿದವರೂ ಇಲ್ಲ.
ಬಾಸಿಲಿಸಾ ಹೊತ್ತೊಯ್ದಳು, ಗಡಿಗೆ ಗಡಿಗೆ, ಕತ್ತಲಾದ ಮೇಲೆ,
ಕೆಡುವುದರೊಳಗೆ ತಿನ್ನಬೇಕಲ್ಲ.
ಆ ವರ್ಷ ಮಿಡತೆ ಬಿದ್ದು ಊರೆಲ್ಲ ಗೆಡ್ಡೆ ಅಗೆಯುವಾಗ
ನದಿಯಾಚೆಯ ನಮ್ಮ ಕೇರಿಯಲ್ಲಿ
ಒಂದು ಕೂಸೂ ಸಾಯಲಿಲ್ಲ.
ಹಳದಿ ತಿಂದು ತಿಂದು ಸಾಕಾಗಿ ಅತ್ತವಂತೆ ಮಕ್ಕಳು,
ಬೆಳ್ಳಗಿರುವುದು ಏನಾದರೂ ಕೊಡು ಎಂದು.

ಆಮೇಲಿನದು ನಿಮಗೆ ಗೊತ್ತಿರುವಂಥದ್ದೇ.
ನದಿ ಹೂಳು ತುಂಬಿತು, ಹಡಗು ಬಾರದಾದವು.
ದೂರದ ದೇಶದಲ್ಲಿ ಯಾರೋ ಬಾಟಲಿಯೊಳಗೆ ನೀಲಿ ಮಾಡಿದರು,
ತೊಟ್ಟಿಗಳಲ್ಲಿ ಕಪ್ಪೆಗಳು ಸಂಸಾರ ಹೂಡಿದವು.
ದೋನನ ಮರಿಮಕ್ಕಳು ಬೆಳ್ಳಿ ಮಾರಿದರು, ಪಿಯಾನೊ ಮಾರಿದರು,
ಮಾರಲು ಬಾರದ ಗೋಡೆಗಳನ್ನು ನಗರಸಭೆಗೆ ಬಿಟ್ಟರು.
ಭಾನುವಾರ ಮದುವೆಗೆ ಬಾಡಿಗೆ. ಮೇಜಿನ ಬಟ್ಟೆಗೆ ಬೇರೆ ದುಡ್ಡು.

ಬಿರುಕಿಗೆ ಮುಂದಿನ ವಾರ ಸಿಮೆಂಟು ಹಾಕುತ್ತಾರಂತೆ.
ಈಗಲೇ ಕೈ ಹಾಕಿ ನೋಡಿ, ಹೆದರಬೇಡಿ.
ತಣ್ಣಗಿದೆ, ಅಲ್ಲವೇ?
ಈಗ ನನ್ನ ಮಣಿಕಟ್ಟು ಹಿಡಿಯಿರಿ.

ಇಳಿಯುವಾಗ ಆರನೆಯ ಮೆಟ್ಟಿಲು ಜೋಪಾನ.
ಅದು ಆಗಲೂ ಅಲುಗುತ್ತಿತ್ತಂತೆ.