ಕೌದಿಗೊಂದು ಜೇಬು

ಏಳನೇ ತಿಂಗಳವರೆಗೂ ನನ್ನ ಬೆರಳು ನೀಲಿ.
ಕೌಲ್ ಬಜಾರಿನ ಎರಡನೇ ಮಹಡಿ, ತಗಡಿನ ಸೂರು,
ಕಿಟಕಿಯಿಂದ ಮೂರನೇ ಮಷೀನು.
ಪ್ಯಾಂಟು ಹೊಲಿದವಳಲ್ಲ ನಾನು,
ಬರೀ ಹಿಂದಿನ ಜೇಬು.
ದಿನಕ್ಕೆ ಇನ್ನೂರು, ಮುನ್ನೂರು,
ಹಬ್ಬ ಹತ್ತಿರವಾದರೆ ನಾನೂರು.
ಕಾಲು ಒಬ್ಬರದು, ಸೊಂಟ ಇನ್ನೊಬ್ಬರದು,
ಝಿಪ್ಪು ಗೋಡೆಯಾಚೆಯ ಖಾಜಾಬನ್ನಿ ಅಕ್ಕನದು.
ಎಲ್ಲ ಕೂಡಿ ಪ್ಯಾಂಟಾಗುವ ಹೊತ್ತಿಗೆ
ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಈಗ ಬೆರಳು ಅರಿಶಿನ.
ಕೂಸಿನ ಹೆಸರು ಆಸ್ಪತ್ರೆ ಕಾರ್ಡಿನಲ್ಲಿ ಸಾನ್ವಿಕಾ,
ಅತ್ತೆಯ ಬಾಯಲ್ಲಿ ಸುಂಕ್ಲಿ.
ಎರಡಕ್ಕೂ ತಿರುಗಿ ನೋಡುವುದಿಲ್ಲ ಅವಳು,
ಬಳೆಯ ಸದ್ದಿಗೆ ನೋಡುತ್ತಾಳೆ.
ಅಳವಿ ಪಾಯಸ, ಬಜೆಯ ಬೇರು, ಲೋಬಾನದ ಹೊಗೆ,
ಹೊಗೆಯೊಳಗೆ ಕೆಮ್ಮುತ್ತ ಕೂತ ನಾನು.
ಒಂಬತ್ತು ದಿನಕ್ಕೊಮ್ಮೆ ನಲ್ಲಿ,
ಅದೂ ರಾತ್ರಿ ಎರಡಕ್ಕೆ.
ಓಣಿಯ ಕೊಡಗಳೆಲ್ಲ ಒಮ್ಮೆಲೇ ಎದ್ದಾಗ
ಇವಳೂ ಏಳುತ್ತಾಳೆ, ತನ್ನ ಪಾಳಿ ಬಂದಂತೆ.

ಮಾರೆಣ್ಣ ಇಸ್ತ್ರಿ ಮೇಜಿನವ.
ಒಂದು ಸಂಜೆ ಸಕ್ಕರೆ ಚೀಲದ ತುಂಬ
ತುಂಡು ತಂದು ಸುರಿದ. ‘ಕಸಕ್ಕ ಹೊಂಟಿದ್ವು,
ನಿನ್ನ ಕೈ ಸುಮ್ನ ಕುಂತಿಲ್ಲಲ್ಲ ಅಂತ ತಂದೆ’ ಅಂದ.
ಎಷ್ಟು ನೀಲಿ ಅಲ್ಲಿ!
ನೀರೇ ಕಾಣದ ಗಟ್ಟಿ ನೀಲಿ,
ಕಲ್ಲಿನ ಜೊತೆ ಉರುಳಿ ಮಾಸಿದ ನೀಲಿ,
ಗುಡ್ಡದ ಮೇಲೆ ಬಿಸಿಲು ನಡುಗುವಾಗಿನ ನೀಲಿ,
ಎದೆ ಹಿಂಡಿದಾಗ ಮೊದಲು ಬರುವ
ತೆಳು ಹಾಲಿನ ಅಂಚಿನ ನೀಲಿ.

‘ಕೂಸಿಗಿದು ಬಟ್ಟೆನೇನು, ಕೋಣನ ಚರ್ಮೇನು?’
ಅತ್ತೆ ಗೊಣಗಿದಳು. ಗೊಣಗುತ್ತಲೇ ಟ್ರಂಕು ತೆಗೆದು
ತನ್ನ ಹಳೇ ಇಳಕಲ್ಲನ್ನು ಮಡಿಲಿಗೆಸೆದಳು.
ಒಗೆದೊಗೆದು ಅದು ಕಿವಿಯ ಹಾಲೆಯಷ್ಟು ಮೆತ್ತಗೆ.
ಒಳಗೆ ಆ ಸೀರೆ, ಹೊರಗೆ ಬಳ್ಳಾರಿ.
ಎರಡು ಸೂಜಿ ಮುರಿದವು ಮೊದಲ ವಾರವೇ.
ಆಮೇಲೆ ಗೋಣಿ ಹೊಲಿಯುವ ದಬ್ಬಣ.

ಹೊಲಿದದ್ದು ಹಗಲಲ್ಲೂ ಅಲ್ಲ, ಇರುಳಲ್ಲೂ ಅಲ್ಲ,
ಒಂದು ನಿದ್ದೆಗೂ ಇನ್ನೊಂದು ಅಳುವಿಗೂ ನಡುವೆ.
ನೋಡು, ಇಲ್ಲಿ ಸಾಲು ಓರೆಯಾಯಿತು, ನೀನು ಎದ್ದೆ.
ಇಲ್ಲಿ ಗಂಟು, ಲಸಿಕೆಯ ರಾತ್ರಿ ಮೈ ಕೆಂಡ.
ಇಲ್ಲಿ ನಾಲ್ಕು ಬೆರಳಗಲ ನೆಟ್ಟಗೆ ಸಾಗಿದೆಯಲ್ಲ,
ನಿಮ್ಮಪ್ಪ ನಿನ್ನ ಹೆಗಲಿಗೆ ಹಾಕಿಕೊಂಡು
ವಾಟರ್ ಟ್ಯಾಂಕಿನವರೆಗೆ ಹೋಗಿ ಬಂದದ್ದು.
ಇಲ್ಲಿ ಏನೂ ಇಲ್ಲ. ಹನ್ನೆರಡು ದಿನ ನಾನು
ಸುಮ್ಮನೆ ಗೋಡೆ ನೋಡುತ್ತಿದ್ದೆ,
ಯಾಕೆಂದು ಕೇಳಿದರೆ ಅಳು ಬರುತ್ತಿತ್ತು.
ಯಾರೂ ಕೇಳಲಿಲ್ಲ, ಒಳ್ಳೆಯದೇ ಆಯಿತು,
ಅಥವಾ ಆಗಲಿಲ್ಲ.

ಚೀಲದ ತಳದಲ್ಲಿ ಒಂದು ಇಡೀ ಜೇಬು ಸಿಕ್ಕಿತು.
ಮೇಲೆ ಸೀಮೆಸುಣ್ಣದ ಕಾಟು: ರಿಜೆಕ್ಟು.
ಎಡಮೂಲೆ ಒಂದೆಳೆ ಹೆಚ್ಚು ಬಾಗಿದೆ.
ನನ್ನ ಕೈಯದೇ! ಅಕ್ಷರ ನೋಡಿ
ಕಾಗದ ಯಾರದೆಂದು ಹೇಳುವುದಿಲ್ಲವೇ, ಹಾಗೆ.

ಯಾರ್ಯಾರ ಕೈ ಹೊಕ್ಕವೋ ನಾನು ಹೊಲಿದ ಜೇಬುಗಳಲ್ಲಿ,
ಯಾವ ಊರಿನ ಬಸ್ ಟಿಕೆಟ್ಟು, ಯಾರ ಬಾಚಣಿಗೆ.
ನನ್ನ ನೈಟಿಗೆ ಜೇಬಿಲ್ಲ.
ದುಡ್ಡಿದ್ದರೆ ಅಕ್ಕಿ ಡಬ್ಬಿ, ಗುಟ್ಟಿದ್ದರೆ ಹೊಟ್ಟೆ.
ನಡುವಿಗಿಂತ ತುಸು ಕೆಳಗೆ ಅದನ್ನಿಟ್ಟು
ಮೂರೂ ಬದಿ ಎರಡೆರಡು ಸಲ ಹೊಲಿದೆ.

‘ಕೌದಿಗ್ಯಾಕ ಜೇಬು? ಸಂತಿಗೆ ಹೋಗ್ತೈತೇನು ಅದು?’
ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು,
ಪಕ್ಕದ ಮನೆಯ ಲಿಂಗಮ್ಮನಿಗೂ ಕರೆದು ತೋರಿಸಿದಳು.
ನನ್ನ ಹತ್ತಿರ ಉತ್ತರವಿರಲಿಲ್ಲ.

ಈಗ ಅದರಲ್ಲಿ ತಾಯಿ ಕಾರ್ಡು,
ಗ್ರೈಪ್ ವಾಟರಿನ ಮುಚ್ಚಳ,
ಮಾರೆಣ್ಣ ಹೇಳದೇ ಇಟ್ಟ ಐವತ್ತರ ನೋಟು.
ನಿನ್ನೆ ಮಧ್ಯಾಹ್ನ ಇವಳ ಮುಷ್ಟಿ ಜಾರಿ
ಮಣಿಕಟ್ಟಿನವರೆಗೂ ಒಳಗಿಳಿದು
ಅಲ್ಲೇ ನಿದ್ದೆ ಹೋಯಿತು.
ಉಸಿರಾಡದೆ ನೋಡಿದೆ.

ಇವತ್ತು ಬೆಳಿಗ್ಗೆ ಒಗೆಯಲೆಂದು ಜೇಬು ತಡಕಿದರೆ
ಬೆರಳಿಗೆ ಘಾಟು, ಮೂಗಿಗೆ ಸೀನು.
ಅತ್ತೆಯ ಕಡ್ಡಿಪುಡಿ ಡಬ್ಬಿ.